ರೇಡಿಯೋ ರಿಪೇರಿ: ಹಳೆಯ ಬ್ಯಾಟರಿ ವಾಲ್ವ್ ಸೆಟ್‌ಗೆ ಕರೆಂಟ್ ಕೊಡುವ ಮುನ್ನ

ಪ್ರಶ್ನೆ: ಅಟ್ಟದಿಂದ ಇಳಿಸಿದ ಬ್ಯಾಟರಿ ವಾಲ್ವ್ ರೇಡಿಯೋ ಒಂದಿದೆ. ಒಳಗೆ ಡಿಕೆ96, ಡಿಎಫ್96, ಡಿಎಎಫ್96, ಡಿಎಲ್96 ಎಂಬ ನಾಲ್ಕು ವಾಲ್ವ್. ಹಿಂದಿನ ಚೀಟಿಯಲ್ಲಿ 90 ವೋಲ್ಟ್, 1.5 ವೋಲ್ಟ್ ಎಂದಿದೆ. ಆ ಬ್ಯಾಟರಿ ಈಗ ಸಿಗುತ್ತಿಲ್ಲ. 9 ವೋಲ್ಟಿನ ಸೆಲ್ಲುಗಳನ್ನು ಜೋಡಿಸಿ ಹಚ್ಚಿಬಿಡಬಹುದೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಸೆಲ್ಲು ಜೋಡಿಸಿ, ಆದರೆ ಹಚ್ಚುವ ಆತುರ ಬೇಡ. ಈ ವಾಲ್ವ್‌ಗಳ ಫಿಲಮೆಂಟ್ ಕೂದಲಿಗಿಂತ ಸಣ್ಣ ತಂತಿ. ಮೊದಲ ಮೂರಕ್ಕೆ 1.4 ವೋಲ್ಟಿನಲ್ಲಿ ತಲಾ 25 ಮಿಲಿಆಂಪ್, ಡಿಎಲ್96ಕ್ಕೆ 50 ಮಿಲಿಆಂಪ್ ಸಾಕು. ಎಚ್.ಟಿ.ಯ (ವಾಲ್ವ್ ಆನೋಡಿಗೆ ಹೋಗುವ ಹೆಚ್ಚಿನ ವೋಲ್ಟೇಜ್) 90 ವೋಲ್ಟ್ ಎಲ್ಲಾದರೂ ಎಲ್.ಟಿ. (ಫಿಲಮೆಂಟ್ ಕಾಯಿಸುವ 1.5 ವೋಲ್ಟ್) ತಂತಿಗೆ ತಗುಲಿತೋ, ಕಣ್ಣು ಮಿಟುಕಿಸುವುದರೊಳಗೆ ನಾಲ್ಕೂ ಹೋಗುತ್ತವೆ. ಆದ್ದರಿಂದ ನಾಲ್ಕೂ ವಾಲ್ವ್‌ಗಳನ್ನು ಕಿತ್ತು, ಯಾವುದು ಎಲ್ಲಿತ್ತೆಂದು ಬರೆದಿಟ್ಟುಕೊಂಡೇ ಕೆಲಸ ಶುರುಮಾಡಿ.

ಕಿತ್ತ ವಾಲ್ವ್‌ನ 1 ಮತ್ತು 7ನೇ ಪಿನ್ನುಗಳ ನಡುವೆ ಡಿಜಿಟಲ್ ಮೀಟರ್ ಹಿಡಿದು ಓಮ್ಸ್ ನೋಡಿ. ತಳದಿಂದ ನೋಡುವಾಗ, ಪಿನ್ನುಗಳ ನಡುವೆ ಅಗಲ ಸಂದು ಇರುವ ಕಡೆಯಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಬೇಕು. ಏನೂ ತೋರಿಸದಿದ್ದರೆ ಫಿಲಮೆಂಟ್ ತುಂಡಾಗಿದೆ. ಮುಳ್ಳಿನ ಮೀಟರಿನ ಅತಿ ಕೆಳಗಿನ ಓಮ್ಸ್ ರೇಂಜನ್ನು ಇಲ್ಲಿ ಬಳಸಬೇಡಿ. ಪರೀಕ್ಷೆ ಮಾಡುತ್ತಲೇ ಫಿಲಮೆಂಟ್ ಸುಡುವಷ್ಟು ಕರೆಂಟ್ ಕೆಲವು ಮೀಟರುಗಳಿಂದ ಹರಿಯುತ್ತದೆ.

ಮುಂದೆ ಕಂಡೆನ್ಸರ್. ಮೇಣ ಸುತ್ತಿದ ಪೇಪರ್ ಕಂಡೆನ್ಸರ್‌ಗಳನ್ನು ಪರೀಕ್ಷಿಸುತ್ತ ಕೂರುವುದಕ್ಕಿಂತ ಬದಲಿಸಿಬಿಡುವುದೇ ಲೇಸು. ಅಷ್ಟೇ ಮೈಕ್ರೋಫ್ಯಾರಡಿನ, 400 ವೋಲ್ಟಿನ ಫಿಲ್ಮ್ ಕಂಡೆನ್ಸರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಮೊದಲು ಬದಲಿಸಬೇಕಾದದ್ದು ಡಿಎಎಫ್96ರ (ಧ್ವನಿ ಹೊರಡುವ) ಆನೋಡ್‌ನಿಂದ ಡಿಎಲ್96ರ (ಧ್ವನಿ ಒಳಹೋಗುವ) ಗ್ರಿಡ್‌ಗೆ ಹೋಗುವುದು. ಅದು ಸ್ವಲ್ಪ ಸೋರಿದರೂ ಗ್ರಿಡ್ ಪಾಸಿಟಿವ್ ಕಡೆಗೆ ಜರುಗುತ್ತದೆ, ಧ್ವನಿ ಒಡೆಯುತ್ತದೆ, ಎಚ್.ಟಿ. ಸೆಲ್ಲು ಬೇಗ ಬರಿದಾಗುತ್ತದೆ. ಎಚ್.ಟಿ.ಗೆ ಅಡ್ಡಲಾಗಿರುವ ಎಲೆಕ್ಟ್ರೋಲಿಟಿಕ್ ಜಾಗಕ್ಕೆ 10 ಅಥವಾ 22 ಮೈಕ್ರೋಫ್ಯಾರಡ್, 160 ವೋಲ್ಟಿನದು ಸಾಕು. ಮೈಕಾ ಕಂಡೆನ್ಸರ್‌ಗಳನ್ನು ಹಾಗೇ ಬಿಡಿ. ಐ.ಎಫ್. (ಇಂಟರ್ಮೀಡಿಯೆಟ್ ಫ್ರೀಕ್ವೆನ್ಸಿ, ಸೆಟ್ ಒಳಗಿನ ನಡುವಣ ಆವರ್ತನ) ಡಬ್ಬಿಗಳ ತಿರುಪುಗಳಿಗಂತೂ ಕೈಯನ್ನೇ ಹಾಕಬೇಡಿ. ಸದ್ದು ಬರಲಿಲ್ಲವೆಂದು ಅವನ್ನು ತಿರುಗಿಸಿ ಕೆಡಿಸಿದ ಸೆಟ್ಟುಗಳೇ ರಿಪೇರಿಗೆ ಹೆಚ್ಚು ಕಷ್ಟ ಕೊಡುತ್ತವೆ.

ಎಚ್.ಟಿ.ಗೆ ಹತ್ತು 9 ವೋಲ್ಟ್ ಸೆಲ್ಲುಗಳನ್ನು ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಬರುವಂತೆ ಒತ್ತಿ ಕೂರಿಸಿದರೆ ಸರಪಳಿ ತಾನೇ ಆಗುತ್ತದೆ. 90 ವೋಲ್ಟ್ ಡಿ.ಸಿ. ಜೋರಾಗಿಯೇ ಹೊಡೆಯುತ್ತದೆ, ಕೊನೆಯ ಸೆಲ್ಲು ಸೇರಿಸುವಾಗ ಎರಡೂ ತುದಿ ಮುಟ್ಟಬೇಡಿ. ಎಲ್.ಟಿ.ಗೆ ಒಂದು ದೊಡ್ಡ ಟಾರ್ಚ್ ಸೆಲ್ಲು. 1.2 ವೋಲ್ಟಿನ ರೀಚಾರ್ಜ್ ಸೆಲ್ಲೂ ನಡೆಯುತ್ತದೆ. ಆದರೆ 3.7 ವೋಲ್ಟಿನ ಲಿಥಿಯಂ ಸೆಲ್ಲನ್ನು ಹಾಕಿದರೆ ವಾಲ್ವ್‌ಗಳ ಕಥೆ ಮುಗಿದಂತೆ. ಎಲ್ಲ ಆಲ್ಕಲೈನ್ ಆದರೆ ಎಚ್.ಟಿ. ಸುಮಾರು 40 ಗಂಟೆ, ಎಲ್.ಟಿ. ಸುಮಾರು 80 ಗಂಟೆ ಬಾಳುತ್ತವೆ.

ಈಗ ಎಚ್.ಟಿ. ಪ್ಲಸ್ ತಂತಿಯಲ್ಲಿ ಸರಣಿಯಾಗಿ 1 ಕಿಲೋಓಮ್, 10 ವ್ಯಾಟಿನ ರೆಸಿಸ್ಟರನ್ನೂ ಒಂದು ಮಿಲಿಆಂಪ್ ಮೀಟರನ್ನೂ ಹಾಕಿ. ನೇರ ಶಾರ್ಟ್ ಆದರೂ 90 ಮಿಲಿಆಂಪ್‌ಗಿಂತ ಹೆಚ್ಚು ಹರಿಯದು. ನಾಲ್ಕೂ ಫಿಲಮೆಂಟ್ ಸೇರಿ 125 ಮಿಲಿಆಂಪ್ ಹೊರುವುದರಿಂದ, ವಾಲ್ವ್‌ಗಳೆಲ್ಲ ಕೂತ ಮೇಲೂ ಇದು ಕಾವಲು ಕಾಯುತ್ತದೆ.

ವಾಲ್ವ್ ಇಲ್ಲದೆ ಮೊದಲು ಎಚ್.ಟಿ. ಮಾತ್ರ ಕೊಡಿ. ಮುಳ್ಳು ಒಮ್ಮೆ ಎದ್ದು 1 ಮಿಲಿಆಂಪ್‌ಗಿಂತ ಕೆಳಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಯಾವುದೋ ಕಂಡೆನ್ಸರ್ ಇನ್ನೂ ಸೋರುತ್ತಿದೆ. ಸಾಕೆಟ್ಟುಗಳ 1 ಮತ್ತು 7ರ ನಡುವೆ ಏನೂ ವೋಲ್ಟೇಜ್ ಕಾಣಬಾರದು. ಎಚ್.ಟಿ. ತೆಗೆದು ಎಲ್.ಟಿ. ಮಾತ್ರ ಕೊಟ್ಟರೆ ಮೂರು ಸಾಕೆಟ್ಟುಗಳ ಅದೇ ಪಿನ್ನುಗಳಲ್ಲಿ 1.5 ವೋಲ್ಟ್ ಸಿಗಬೇಕು. ಡಿಎಲ್96ರ ಫಿಲಮೆಂಟ್‌ಗೆ ನಡುವಿನ ತುದಿ ಇರುವುದರಿಂದ ಅಲ್ಲಿ 5 ಮತ್ತು 1ರ ನಡುವೆ ಅಳೆಯಿರಿ. ಆಮೇಲೆ ಎಲ್ಲ ಸೆಲ್ಲು ಬಿಚ್ಚಿ ವಾಲ್ವ್ ಕೂರಿಸಿ, ಎಲ್.ಟಿ. ಕೊಟ್ಟು 125 ಮಿಲಿಆಂಪ್ ಹತ್ತಿರ ಬರುತ್ತದೆಯೇ ನೋಡಿ. ಕೆಂಪಗೆ ಬೆಳಗಲಿಲ್ಲವೆಂದು ಗಾಬರಿಯಾಗಬೇಡಿ. ಈ ಜಾತಿಯ ವಾಲ್ವ್ ಕತ್ತಲೆಯಲ್ಲೂ ಕಂಡರೆ ಕಂಡೀತು, ಇಲ್ಲವಾದರೆ ಇಲ್ಲ.

ಕೊನೆಗೆ ಎಚ್.ಟಿ.: 8ರಿಂದ 12 ಮಿಲಿಆಂಪ್ ಸರಿಯಾದ ಲೆಕ್ಕ. 20 ದಾಟಿದರೆ ತಕ್ಷಣ ಬಿಚ್ಚಿ. ಇಲ್ಲೇ ಅನೇಕರು ಎಡವುವುದು: ಎಚ್.ಟಿ. ಮೈನಸ್ಸನ್ನೂ ಎಲ್.ಟಿ. ಮೈನಸ್ಸನ್ನೂ ಒಂದೇ ಎಂದುಕೊಂಡು ಗಂಟು ಹಾಕಿಬಿಡುತ್ತಾರೆ. ಬಹಳಷ್ಟು ಸೆಟ್ಟುಗಳಲ್ಲಿ ಎಚ್.ಟಿ. ಮೈನಸ್ ಒಂದು ರೆಸಿಸ್ಟರ್ ದಾಟಿ ಚಾಸಿಗೆ ಬರುತ್ತದೆ. ಅದು 560 ಓಮ್ ಎಂದುಕೊಳ್ಳಿ: 10 ಮಿಲಿಆಂಪ್ ಹರಿದಾಗ 5.6 ವೋಲ್ಟ್ ಹುಟ್ಟುತ್ತದೆ, ಡಿಎಲ್96ಕ್ಕೆ ಅದೇ ಗ್ರಿಡ್ ಬಯಾಸ್ (ಗ್ರಿಡ್ಡನ್ನು ಮೈನಸ್ ಕಡೆ ಹಿಡಿದಿಡುವ ವೋಲ್ಟೇಜ್). ಗಂಟು ಹಾಕಿದರೆ ಬಯಾಸ್ ಮಾಯ. ಎರಡು ಮೈನಸ್‌ಗೆ ಎರಡು ತಂತಿ, ಪ್ಲಸ್‌ಗೆ ಎರಡು, ಒಟ್ಟು ನಾಲ್ಕು ತಂತಿ ಬೇರೆಬೇರೆಯಾಗಿಯೇ ಇರಲಿ.

ಪ್ರಶ್ನೆ: ಡಿಎಲ್96 ಸುಟ್ಟಿದೆ. ಬದಲಿಗೆ 3ವಿ4 ಅಥವಾ 3ಎಸ್4 ಹಾಕಬಹುದೆ?
– ಓದುಗರು, ಗದಗ

ಉತ್ತರ: 3ವಿ4 ಹಾಕಬಹುದು, ಯುರೋಪಿನ ಹೆಸರು ಡಿಎಲ್94. ಪಿನ್ನುಗಳು ಹೊಂದುತ್ತವೆ, ಎಲ್.ಟಿ. ಮಾತ್ರ 50ರ ಬದಲು 100 ಮಿಲಿಆಂಪ್ ತಿನ್ನುತ್ತದೆ. 3ಎಸ್4ರಲ್ಲಿ ಗ್ರಿಡ್ ಮತ್ತು ಸ್ಕ್ರೀನ್ ಪಿನ್ನುಗಳೇ ಬೇರೆ, ಬೇಡ.

ಪ್ರಶ್ನೆ: ಅಮೆರಿಕದಿಂದ ತಂದ ಜೆನಿತ್ ಟ್ರಾನ್ಸ್‌ಓಶಿಯಾನಿಕ್ ಎಚ್500 ಇದೆ. ಇಲ್ಲಿನ ಕರೆಂಟಿಗೆ ಹಾಕುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ನೇರವಾಗಿ ಹಾಕುವಂತೆಯೇ ಇಲ್ಲ. ಅದು 117 ವೋಲ್ಟಿನ ಸೆಟ್, ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ. 230ರಿಂದ 110 ವೋಲ್ಟಿಗೆ ಇಳಿಸುವ, 50 ವಿ.ಎ.ಯ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು. ಅಂಗಡಿಯವರು ಕೊಡುವ ಆಟೋಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಶಾಕ್ ತಪ್ಪಿಸುವುದಿಲ್ಲ.

ಇದರಲ್ಲಿ ಐದು ವಾಲ್ವ್‌ಗಳ ಫಿಲಮೆಂಟ್ ಸರಣಿಯಲ್ಲಿವೆ: ಎರಡು 1ಯು4, 1ಎಲ್6, 1ಯು5 ತಲಾ 1.4 ವೋಲ್ಟ್, 3ವಿ4 2.8 ವೋಲ್ಟ್, ಒಟ್ಟು 8.4 ವೋಲ್ಟ್, 50 ಮಿಲಿಆಂಪ್. ಮೇನ್ಸ್‌ನಲ್ಲಿ ಈ ಸರಣಿಗೂ ಎ.ಸಿ.ಯನ್ನು ಡಿ.ಸಿ. ಮಾಡುವ ಎಚ್.ಟಿ. ರೆಕ್ಟಿಫೈಯರ್‌ನಿಂದಲೇ ಕರೆಂಟ್. ಹಳೆಯ ಸೆಲೆನಿಯಂ ರೆಕ್ಟಿಫೈಯರ್ ತೆಗೆದು 1ಎನ್4007 ಡಯೋಡ್ ಹಾಕಿದರೆ ನಷ್ಟ ಕಡಿಮೆಯಾಗಿ ವೋಲ್ಟೇಜ್ ಏರುತ್ತದೆ, ಫಿಲಮೆಂಟ್‌ನದೂ ಏರುತ್ತದೆ. ಅದಕ್ಕೇ ಡಯೋಡ್ ಜೊತೆ 100ರಿಂದ 220 ಓಮ್, 5 ವ್ಯಾಟ್ ರೆಸಿಸ್ಟರ್ ಸರಣಿಯಲ್ಲಿ ಬೇಕು. ವಾಲ್ವ್ ಕೂರಿಸುವ ಮೊದಲು ಫಿಲಮೆಂಟ್ ಸರಣಿಯ ಬದಲು 180 ಓಮ್, 2 ವ್ಯಾಟ್, ಎಚ್.ಟಿ.ಗೆ ಅಡ್ಡಲಾಗಿ 7.5 ಕಿಲೋಓಮ್, 5 ವ್ಯಾಟ್ ಕಟ್ಟಿ ಅಳೆಯಿರಿ. 180 ಓಮ್ ಮೇಲೆ 9 ವೋಲ್ಟ್ ದಾಟಿದರೆ ಡಯೋಡ್ ಪಕ್ಕದ ರೆಸಿಸ್ಟರ್ ಹೆಚ್ಚಿಸಿ. ವಾಲ್ವ್ ಕೂತ ಮೇಲೆ ಸರಣಿ ಪೂರ್ತಿ 7.8 ವೋಲ್ಟ್ ಆಸುಪಾಸಿದ್ದರೆ ಬಾಳಿಕೆಗೆ ಒಳ್ಳೆಯದು.

ಇನ್ನೊಂದು ಮಾತು. ಸೆಟ್ ಓಡುತ್ತಿರುವಾಗ ವಾಲ್ವ್ ಕೀಳಬೇಡಿ. ಸರಣಿ ಕಡಿದೊಡನೆ ಅದಕ್ಕೆ ಅಡ್ಡಲಾಗಿರುವ ಕಂಡೆನ್ಸರ್ ಹೆಚ್ಚು ವೋಲ್ಟೇಜಿಗೆ ತುಂಬಿಕೊಳ್ಳುತ್ತದೆ, ವಾಲ್ವ್ ಮತ್ತೆ ಚುಚ್ಚಿದ ಕ್ಷಣ ಅಷ್ಟೂ ಫಿಲಮೆಂಟ್‌ಗಳ ಮೇಲೆ ಸುರಿಯುತ್ತದೆ. 1ಎಲ್6 ಹೋದರೆ ಜೇಬಿಗೆ ಭಾರ. 1ಯು6 ಸಿಕ್ಕರೆ ಅದೇ ಸಾಕೆಟ್ಟಿಗೆ ಕೂರುತ್ತದೆ, ಆದರೆ ಅದರ ಫಿಲಮೆಂಟ್ 25 ಮಿಲಿಆಂಪ್‌ನದು. ಉಳಿದ 25 ಮಿಲಿಆಂಪ್ ಹಾದುಹೋಗಲು 1 ಮತ್ತು 7ರ ನಡುವೆ 56 ಓಮ್ ಬೆಸೆಯಲೇಬೇಕು.

ಪ್ರಶ್ನೆ: ಸ್ಪೀಕರ್‌ನಲ್ಲಿ ಸಣ್ಣಗೆ ಸುಯ್ ಎನ್ನುತ್ತದೆ, ಸ್ಟೇಷನ್ ಒಂದೂ ಇಲ್ಲ. ವೋಲ್ಟೇಜುಗಳೆಲ್ಲ ಸರಿಯಿವೆ.
– ಓದುಗರು, ಶಿರಸಿ

ಉತ್ತರ: ಆಸಿಲೇಟರ್ (ಸ್ಟೇಷನ್ ಹಿಡಿಯಲು ಸೆಟ್ ಒಳಗೇ ತರಂಗ ಹುಟ್ಟಿಸುವ ಭಾಗ) ನಿಂತಿರಬಹುದು. ಮುಳ್ಳನ್ನು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಇಡಿ. ಐ.ಎಫ್. 455 ಆದರೆ ಆಸಿಲೇಟರ್ 1067ರಲ್ಲಿರಬೇಕು. ಪಕ್ಕದಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಇಟ್ಟು ಅದರ ಮುಳ್ಳನ್ನು 1067ರ ಸುತ್ತ ಆಡಿಸಿ. ಒಂದು ಕಡೆ ಗೊರಗೊರ ಅಡಗಿ ಮೌನವಾದರೆ, ಅಥವಾ ಶಿಳ್ಳೆ ಬಂದರೆ, ಆಸಿಲೇಟರ್ ಬದುಕಿದೆ. ಏನೂ ಆಗದಿದ್ದರೆ ಸೆಟ್ ಹಚ್ಚಿರುವಾಗಲೇ ಪರಿವರ್ತಕ (ಮೊದಲ ಪ್ರಶ್ನೆಯ ಸೆಟ್ಟಿನಲ್ಲಿ ಡಿಕೆ96) ವಾಲ್ವ್‌ನ ಪಿನ್ನುಗಳಲ್ಲಿ ಎಲ್.ಟಿ. ಅಳೆಯಿರಿ. 1.1 ವೋಲ್ಟಿಗೆ ಇಳಿದಿದ್ದರೆ ಸೆಲ್ಲಿನದೋ ಕಿಲುಬು ಹಿಡಿದ ಸ್ವಿಚ್ಚಿನದೋ ದೋಷ. ಸ್ವಿಚ್ಚಿನಲ್ಲಿ 2 ಓಮ್ ಸೇರಿಕೊಂಡರೂ 125 ಮಿಲಿಆಂಪ್‌ಗೆ ಕಾಲು ವೋಲ್ಟ್ ಅಲ್ಲೇ ಮಾಯ.