ಬಾದಾಮಿ ಗುಡ್ಡದಲ್ಲಿ ಕಲ್ಲಾಸರೆಗಳನ್ನು ಹುಡುಕುವ ಬಗೆ

ಎರಡು ದಿನ ಅಲೆದರೂ ಬಾದಾಮಿ ಗುಡ್ಡದ ಚಿತ್ರವಿರುವ ಕಲ್ಲಾಸರೆಗಳು (ಚಾಚಿದ ಬಂಡೆಯಡಿಯ ತಾಣಗಳು) ಕಾಣಲಿಲ್ಲವೆಂದು ಬರೆದಿದ್ದೀರಿ. ನೀವು ಗುಡ್ಡದ ನೆತ್ತಿಯ ಮೇಲೆ ಹುಡುಕಿರುವುದೇ ಕಾರಣವಿರಬೇಕು, ಆದರೆ ನಡೆದ ದಾರಿಯನ್ನು ತಿಳಿಸಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ. ಮರಳುಗಲ್ಲಿನ ಮೆದು ಪದರ ಸವೆದು, ಮೇಲಿನ ಗಟ್ಟಿ ಪದರ ಸೂರಿನಂತೆ ಚಾಚಿಕೊಂಡ ಕಡೆ ಇಂಥ ಆಸರೆಗಳು ಉಂಟಾಗುತ್ತವೆ. ಆದ್ದರಿಂದ ಮೊದಲು ಎದುರಿನ ದಿಬ್ಬದಲ್ಲಿ ನಿಂತು, ಇಳಿಬಿಸಿಲಿನಲ್ಲಿ ಬಂಡೆಯ ಬುಡದುದ್ದಕ್ಕೂ ಅಡ್ಡಲಾಗಿ ಕಾಣುವ ಕಪ್ಪು ನೆರಳಿನ ಗೆರೆಯನ್ನು ಗುರುತಿಸಿಕೊಳ್ಳಿ. ಮರುದಿನ ಬೆಳಗ್ಗೆ ಆ ಬುಡವನ್ನೇ ಹಿಡಿದು ನಡೆಯಿರಿ. ಸೂರಿನಡಿ ಹೆಜ್ಜೇನು ಕಟ್ಟಿದ್ದರೆ ಸದ್ದು ಮಾಡದೆ ಹಿಂದಿರುಗಿ. ಬಾದಾಮಿ ಬಳಿಯ ಚಿತ್ರವಿರುವ ಕಲ್ಲಾಸರೆಯಾದ ಸಿಡ್ಲಫಡಿಗೆ ಮಾತ್ರ ಊರಿನ ಮಾರ್ಗದರ್ಶಕರೊಬ್ಬರನ್ನು ಕರೆದುಕೊಂಡೇ ಹೋಗಿ, ಏಕೆಂದರೆ ಕುರುಚಲು ಕಾಡಿನಲ್ಲಿ ಕಾಲುದಾರಿ ತಪ್ಪುವುದು ಸುಲಭ. ಕೆಮ್ಮಣ್ಣಿನ ಚಿತ್ರ ಮಸುಕಾಗಿ ಕಂಡರೆ, ದಯವಿಟ್ಟು ನೀರು ಚಿಮುಕಿಸದೆ, ಬೆರಳನ್ನೂ ತಾಗಿಸದೆ, ತುಸು ದೂರದಿಂದಲೇ ಫೋಟೊ ತೆಗೆದುಕೊಳ್ಳಿ.