ಸ್ಮಾರ್ಟ್ ಕನ್ನಡಕ ಕೊಳ್ಳಬೇಕೆ? ಓದುಗರ ನಾಲ್ಕು ಪ್ರಶ್ನೆಗಳು

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಸ್ಮಾರ್ಟ್ ಕನ್ನಡಕದ ಕುರಿತಾದವೇ ಹೆಚ್ಚು. ನಮ್ಮ ಅಜ್ಜಂದಿರು ‘ಚಾಳೀಸು’ ಎಂದು ಕರೆಯುತ್ತಿದ್ದ ವಸ್ತು ಈಗ ಫೋಟೊ ತೆಗೆಯುತ್ತದೆ, ಹಾಡು ಕೇಳಿಸುತ್ತದೆ, ಪ್ರಶ್ನೆಗೆ ಉತ್ತರ ಹೇಳುತ್ತದೆ ಎಂದಾಗ ಕುತೂಹಲ ಸಹಜವೇ. ಬಂದ ಪತ್ರಗಳಲ್ಲಿ ನಾಲ್ಕನ್ನು ಆಯ್ದು ಉತ್ತರಿಸಿದ್ದೇನೆ. ಬರೆದವರ ಊರನ್ನು ಮಾತ್ರ ನಮೂದಿಸಿದೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿ. ರೇ-ಬ್ಯಾನ್ ಮೆಟಾ ಕನ್ನಡಕಕ್ಕಾಗಿ ಆರು ತಿಂಗಳಿಂದ ಹಣ ಕೂಡಿಡುತ್ತಿದ್ದೇನೆ. ನಕ್ಷೆ, ಸಂದೇಶ ಎಲ್ಲವೂ ಕಣ್ಣೆದುರಿಗೇ ಕಾಣುತ್ತವೆ ಎಂದು ಗೆಳೆಯರು ಹೇಳುತ್ತಾರೆ. ಅಷ್ಟು ಹಣ ಕೊಡಬಹುದೇ? – ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಗೆಳೆಯರು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದು ತಿಳಿದಿದ್ದಾರೆ. 2025ರ ಮೇ ತಿಂಗಳಲ್ಲಿ ₹29,900ರ ಆರಂಭಿಕ ಬೆಲೆಗೆ ಭಾರತದ ಮಾರುಕಟ್ಟೆಗೆ ಬಂದ ರೇ-ಬ್ಯಾನ್ ಮೆಟಾ ಕನ್ನಡಕದ ಗಾಜಿನಲ್ಲಿ ಯಾವ ಪರದೆಯೂ ಇಲ್ಲ. ಅದರಲ್ಲಿ 12 ಮೆಗಾಪಿಕ್ಸೆಲ್ ಕ್ಯಾಮೆರಾ, ಐದು ಮೈಕ್‌ಗಳು ಮತ್ತು ಕಿವಿಯ ಪಕ್ಕದ ಕಡ್ಡಿಗಳಲ್ಲಿ ಸಣ್ಣ ಸ್ಪೀಕರ್‌ಗಳಿವೆ. ಅದು ಹೇಳುವುದನ್ನು ನೀವು ಕೇಳಬಹುದೇ ಹೊರತು ನೋಡಲಾಗದು. ಬಲಗಣ್ಣಿನ ಗಾಜಿನಲ್ಲಿ ಪರದೆ ಇರುವ, ಮಣಿಕಟ್ಟಿನ ಪಟ್ಟಿಯಿಂದ ನಿಯಂತ್ರಿಸುವ ಇನ್ನೊಂದು ಮಾದರಿಯನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ 799 ಡಾಲರ್ ಬೆಲೆಗೆ ಬಿಡುಗಡೆ ಮಾಡಲಾಯಿತು. ಗೆಳೆಯರು ವರ್ಣಿಸುತ್ತಿರುವುದು ಬಹುಶಃ ಅದನ್ನು.

ನನ್ನ ಅಕ್ಕನ ಮಗನ ಕನ್ನಡಕವನ್ನು ಒಂದು ಇಡೀ ದಿನ ಹಾಕಿಕೊಂಡು ಓಡಾಡಿದ್ದೇನೆ. ಧಾರವಾಡದಿಂದ ಕಿಟಕಿ ಮುಚ್ಚಿದ ಚಿಗರಿ ಬಸ್ಸಿನಲ್ಲಿ ಬರುವಾಗ ಸ್ಪಷ್ಟವಾಗಿ ಕೇಳುತ್ತಿದ್ದ ಧ್ವನಿ, ಹೊಸೂರಿನಲ್ಲಿ ಇಳಿದು ಚೆನ್ನಮ್ಮ ವೃತ್ತದ ಕಡೆಗೆ ನಡೆಯತೊಡಗಿದ ಕೂಡಲೇ ಆಟೋಗಳ ಸದ್ದಿನಲ್ಲಿ ಮುಳುಗಿಹೋಯಿತು. ಕಿವಿಯನ್ನು ಮುಚ್ಚದ ಸ್ಪೀಕರ್ ಆದುದರಿಂದ ಇದು ಅದರ ದೋಷವಲ್ಲ, ಸ್ವಭಾವ. ಆರಂಭದ ಮಾದರಿಗೆ ಕಂಪನಿಯೇ ಹೇಳುವ ಬ್ಯಾಟರಿ ಅವಧಿ ಸುಮಾರು ನಾಲ್ಕು ಗಂಟೆ, ನಂತರದ ಮಾದರಿಗೆ ಎಂಟು ಗಂಟೆ. ಬುದ್ಧಿವಂತಿಕೆಯೆಲ್ಲ ಕನ್ನಡಕದೊಳಗೇ ಇರುವುದೂ ಅಲ್ಲ. ನಿಮ್ಮ ಪ್ರಶ್ನೆ ಫೋನಿನ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ ಉತ್ತರವಾಗಿ ಮರಳುತ್ತದೆ. ಕೈಗಳು ಬೇರೆ ಕೆಲಸದಲ್ಲಿರುವಾಗ ಫೋಟೊ, ವಿಡಿಯೊ ತೆಗೆಯುವ ಅಗತ್ಯ ನಿಮಗೆ ನಿಜವಾಗಿ ಇದ್ದರೆ ಕೊಳ್ಳಿ. ನಕ್ಷೆ ಕಾಣಬೇಕೆಂಬ ಆಸೆಯಿಂದಷ್ಟೇ ಆದರೆ ಕೂಡಿಟ್ಟ ಹಣ ಸದ್ಯಕ್ಕೆ ಬ್ಯಾಂಕಿನಲ್ಲಿಯೇ ಇರಲಿ.

ಪ್ರಶ್ನೆ: ನನ್ನ ಮಗಳ ಕಣ್ಣಿನ ಪವರ್ ಮೈನಸ್ ಏಳು. ಈ ಕನ್ನಡಕದಲ್ಲಿ ಅವಳ ಗಾಜು ಹಾಕಿಸಬಹುದೇ? – ಸಪ್ತಾಪುರ, ಧಾರವಾಡ

ಉತ್ತರ: ರೇ-ಬ್ಯಾನ್ ಮೆಟಾ ಚೌಕಟ್ಟಿಗೆ ಕಂಪನಿ ಸೂಚಿಸುವ ಮಿತಿ ಮೈನಸ್ ಆರರಿಂದ ಪ್ಲಸ್ ನಾಲ್ಕರವರೆಗೆ ಮಾತ್ರ. ಹೊರಗಿನ ಅಂಗಡಿಯಲ್ಲಿ ದಪ್ಪ ಗಾಜು ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ತಂತಿ ಮತ್ತು ಬ್ಯಾಟರಿ ಅಡಗಿರುವ ಚೌಕಟ್ಟನ್ನು ಬಿಸಿ ಮಾಡಿ ಬಗ್ಗಿಸುವ ಸಾಹಸಕ್ಕೆ ದಯವಿಟ್ಟು ಒಪ್ಪಬೇಡಿ.

ಪ್ರಶ್ನೆ: ನನ್ನ ನಾದಿನಿಯ ಮದುವೆಯಲ್ಲಿ ಹೆಣ್ಣುಮಕ್ಕಳು ಅರಿಶಿನ ಹಚ್ಚಿ ಸುರಗಿ ನೀರು ಹಾಕುವಾಗ ಬೀಗರ ಕಡೆಯ ಯುವಕನೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ. ಎರಡು ದಿನಗಳ ನಂತರ ಅದರ ವಿಡಿಯೊ ಬಂಧುಗಳ ವಾಟ್ಸ್ಯಾಪ್ ಗುಂಪಿನಲ್ಲಿ ಬಂದಿತು. ನಮಗೆ ಗೊತ್ತಾಗದಂತೆ ಹೀಗೆ ಮಾಡಬಹುದೇ? – ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ತಾಯಿ, ಮಾಡಬಾರದು. ಒದ್ದೆ ಬಟ್ಟೆಯಲ್ಲಿರುವ ಮದುಮಗಳನ್ನು ಕೇಳದೆ ಚಿತ್ರೀಕರಿಸುವುದು ಹೊಸ ತಂತ್ರಜ್ಞಾನದ ಹುರುಪು ಎಂದು ಯಾರೂ ಸಮಾಧಾನ ಹೇಳಬಾರದು. ಫೋನ್ ಎತ್ತಿ ಹಿಡಿದರೆ ಎದುರಿನವರಿಗೆ ತಿಳಿಯುತ್ತದೆ, ಸೆರಗು ಸರಿಪಡಿಸಿಕೊಳ್ಳುತ್ತಾರೆ ಇಲ್ಲವೇ ಬೇಡವೆನ್ನುತ್ತಾರೆ. ಕನ್ನಡಕ ಆ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ. ಇಂಥದೇ ಕ್ಯಾಮೆರಾ ಇದ್ದ ‘ಗೂಗಲ್ ಗ್ಲಾಸ್’ ಎಂಬ ಕನ್ನಡಕ 2013ರಲ್ಲಿ 1,500 ಡಾಲರ್ ಬೆಲೆಗೆ ಬಂದಾಗ ಅಮೆರಿಕದ ಹಲವು ಹೋಟೆಲುಗಳು ಅದನ್ನು ಒಳಗೆ ತರಬಾರದೆಂದಿದ್ದವು. ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ 2015ರಲ್ಲಿ ನಿಂತುಹೋಯಿತು.

ಗುರುತಿಸುವುದು ಹೇಗೆ ಎಂಬುದನ್ನು ಮನೆಯವರಿಗೆಲ್ಲ ತಿಳಿಸಿಡಿ. ರೇ-ಬ್ಯಾನ್ ಮೆಟಾ ಚೌಕಟ್ಟಿನ ಎರಡೂ ಮೇಲ್ತುದಿಗಳಲ್ಲಿ ಒಂದೊಂದು ಪುಟ್ಟ ವೃತ್ತವಿದೆ. ಒಂದು ಕ್ಯಾಮೆರಾ, ಇನ್ನೊಂದು ಚಿತ್ರೀಕರಣ ನಡೆಯುವಾಗ ಉರಿಯುವ ಬಿಳಿ ದೀಪ. ಆದರೆ ಅಂಗಳದ ಬಿಸಿಲಿನಲ್ಲಿ ಆ ದೀಪ ಕಣ್ಣಿಗೆ ಬೀಳುವುದು ಕಷ್ಟ.

ಕಾನೂನಿನ ವಿಷಯಕ್ಕೆ ಬಂದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಅಥವಾ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಂತೆ ಮೂರು ವರ್ಷಗಳವರೆಗಿನ ಜೈಲು ಅಥವಾ ಎರಡು ಲಕ್ಷ ರೂಪಾಯಿ ಮೀರದ ದಂಡಕ್ಕೆ, ಇಲ್ಲವೇ ಎರಡಕ್ಕೂ ಗುರಿಯಾಗುವ ಅಪರಾಧ. ಆದರೆ ವ್ಯಕ್ತಿಗಳು ತಮ್ಮ ಸ್ವಂತ ಅಥವಾ ಮನೆಯ ಉಪಯೋಗಕ್ಕಾಗಿ ಬಳಸುವ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದನ್ನೂ ಮರೆಯಬಾರದು. ಆದ್ದರಿಂದ ಮೊದಲು ಎರಡೂ ಮನೆಗಳ ಹಿರಿಯರ ಎದುರಿಗೆ ಆ ಯುವಕನನ್ನು ಕರೆಸಿ, ಗುಂಪಿನಿಂದಲೂ ಅವನ ಫೋನಿನಿಂದಲೂ ವಿಡಿಯೊ ಅಳಿಸುವಂತೆ ಹೇಳಿರಿ. ವಿಡಿಯೊ ಬೇರೆಲ್ಲಿಗಾದರೂ ಹೋಗಿರುವುದು ತಿಳಿದರೆ ಸಂಕೋಚಪಡದೆ ಪೊಲೀಸರಿಗೆ ದೂರು ಕೊಡಿ.

ಪ್ರಶ್ನೆ: ನನ್ನ ತಮ್ಮನಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಹಾರ್ಮೋನಿಯಂ ನುಡಿಸುತ್ತಾನೆ, ಕಾರ್ಯಕ್ರಮಗಳಿಗೆ ಒಬ್ಬನೇ ಹೋಗಬೇಕೆಂಬ ಹಂಬಲವಿದೆ. ಈ ಕನ್ನಡಕ ಅವನಿಗೆ ನೆರವಾದೀತೇ? – ಬೆಟಗೇರಿ, ಗದಗ

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಇದು. ಪಂಡಿತ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬಾಳಿ, ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಸಂಗೀತಗಾರರನ್ನಾಗಿ ರೂಪಿಸಿದ ವೀರೇಶ್ವರ ಪುಣ್ಯಾಶ್ರಮ ಇರುವ ಊರಿನಿಂದ ಈ ಪ್ರಶ್ನೆ ಬಂದಿದೆ.

ನೆರವಾಗಬಲ್ಲದು, ಅದರ ಮಿತಿ ತಿಳಿದು ಬಳಸಿದರೆ. ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದರಲ್ಲಿ ಚೀಲ ಇರುವವನಿಗೆ ಫೋನ್ ಹಿಡಿಯಲು ಮೂರನೆಯ ಕೈ ಇಲ್ಲ. ಕನ್ನಡಕದ ಕ್ಯಾಮೆರಾ ತಲೆ ತಿರುಗಿದ ಕಡೆಗೆ ತಿರುಗುತ್ತದೆ, ಎದುರಿಗಿರುವ ಫಲಕ ಅಥವಾ ಕಾಗದವನ್ನು ಓದಿ ಹೇಳುತ್ತದೆ. ಆದರೆ ಅದು ಕೋಲಿನ ಬದಲಿಯಲ್ಲ. ತೆರೆದ ಗಟಾರ, ಅಡ್ಡ ನಿಂತ ಎತ್ತು, ಎದುರಿನಿಂದ ಬರುವ ಬೈಕು, ಇವುಗಳ ಎಚ್ಚರಿಕೆಗೆ ಅದನ್ನು ನಂಬಬಾರದು. ತಪ್ಪನ್ನೂ ಅದು ಖಚಿತವಾದ ಧ್ವನಿಯಲ್ಲಿಯೇ ಹೇಳುವುದರಿಂದ ಔಷಧದ ಹೆಸರನ್ನು ಮನುಷ್ಯರಿಂದಲೇ ಓದಿಸಬೇಕು.

ಹಣ ಹಾಕುವ ಮೊದಲು ಅವನ ಈಗಿನ ಫೋನಿನಲ್ಲಿಯೇ ಎರಡು ಉಚಿತ ಆ್ಯಪ್‌ಗಳನ್ನು ಒಂದು ತಿಂಗಳು ಬಳಸಲಿ. ‘ಬಿ ಮೈ ಐಸ್’ ಆ್ಯಪ್‌ನಲ್ಲಿ ಸ್ವಯಂಸೇವಕರು ವಿಡಿಯೊ ಕರೆಯಲ್ಲಿ ನೋಡಿ ಎದುರಿಗಿರುವುದನ್ನು ವಿವರಿಸುತ್ತಾರೆ. ಭಾರತೀಯ ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ‘ಮನಿ’ ಆ್ಯಪ್ ನೋಟಿನ ಬೆಲೆಯನ್ನು ಇಂಟರ್ನೆಟ್ ಇಲ್ಲದೆಯೂ ಹೇಳುತ್ತದೆ, ಕನ್ನಡದಲ್ಲಿಯೂ ಹೇಳುತ್ತದೆ. ಇವುಗಳಿಂದ ಅವನ ಓಡಾಟ ಸುಲಭವಾಗಿ, ಕೈ ಖಾಲಿ ಇಲ್ಲದಿರುವುದೊಂದೇ ತೊಡಕಾಗಿ ಉಳಿದರೆ ಆಗ ಕನ್ನಡಕದ ಅಂಗಡಿಗೆ ಹೋಗಿ.

ಹೋಗುವಾಗ ತಮ್ಮನನ್ನೇ ಕರೆದೊಯ್ಯಿರಿ. ಅಂಗಡಿಯವರು ಆಯ್ದು ಕೊಡುವ ಇಂಗ್ಲಿಷ್ ಹಾಳೆಯ ಬದಲು ಮನೆಯಿಂದ ಒಂದು ಕನ್ನಡ ದಿನಪತ್ರಿಕೆ, ಒಂದು ಲಗ್ನಪತ್ರಿಕೆ, ಒಂದು ಬಸ್ ಟಿಕೆಟ್ ಒಯ್ದು ಅವನ್ನೇ ಓದಿಸಿ ನೋಡಿ. ನಂತರ ಬಾಗಿಲ ಹೊರಗೆ ರಸ್ತೆಯ ಸದ್ದಿನಲ್ಲಿ ನಿಂತು ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಕೊಳ್ಳುವುದೋ ಬಿಡುವುದೋ ಎಂಬುದನ್ನು ಅಲ್ಲಿಯೇ ಅವನೇ ಹೇಳಲಿ.