ಹೇಸ್ಟಿಂಗ್ಸ್ ಕಾಳಗಕ್ಕೆ ಆಯಿಯನ್ನೂ ಕರೆದುಕೊಂಡು ಹೋಗಬಹುದಾ?

ತಂಗಿ, ಶಿರಸಿಯಿಂದ ಲಂಡನ್ನಿಗೆ ಬಂದು ಮೂರೇ ತಿಂಗಳು. ಆರು ವರ್ಷದ ಮಾಣಿ, ಎರಡು ವರ್ಷದ ಕೂಸು, ಊರಿಂದ ಬಂದ ಆಯಿ. ಇವರನ್ನೆಲ್ಲ ಕಟ್ಟಿಕೊಂಡು ಹೇಸ್ಟಿಂಗ್ಸ್ ಯುದ್ಧದ ಮರುಪ್ರದರ್ಶನಕ್ಕೆ ಹೋಗಬಹುದಾ, ಮಕ್ಕಳು ಹೆದರುತ್ತಾರಾ, ಊಟಕ್ಕೇನು ಗತಿ ಎಂದು ಕೇಳಿದ್ದೀಯ. ಧಾರಾಳ ಹೋಗು. ಮಳೆಗಾಲದ ಗದ್ದೆಯಲ್ಲಿ ಮಾರಿಜಾತ್ರೆ ಕೂಡಿದೆ ಎಂದುಕೊಂಡೇ ತಯಾರಾಗು, ಅಷ್ಟೆ.

ಆದರೆ ಟಿಕೆಟ್ ಹೇಸ್ಟಿಂಗ್ಸ್ ಸ್ಟೇಷನ್ನಿಗೆ ತೆಗೆಯಬೇಡ, ಬ್ಯಾಟಲ್ ಸ್ಟೇಷನ್ನಿಗೆ ತೆಗೆ. 1066ರ ಅಕ್ಟೋಬರ್ 14ರ ಆ ಯುದ್ಧ ನಡೆದದ್ದು ಅಲ್ಲಿಂದ ಸುಮಾರು 10 ಕಿ.ಮೀ. ಒಳನಾಡಿನ ಕಡೆಗೆ, ಊರಿನ ಹೆಸರೇ ಬ್ಯಾಟಲ್. ಗೆದ್ದ ನಾರ್ಮನ್ ದೊರೆ ವಿಲಿಯಂ ಕಟ್ಟಿಸಿದ ಮಠದ ಅವಶೇಷ ಅಲ್ಲೇ ಇದೆ, ಪ್ರದರ್ಶನವೂ ಅಲ್ಲೇ, ಸಾಮಾನ್ಯವಾಗಿ ಆ ತಾರೀಖಿನ ಆಸುಪಾಸಿನ ಶನಿವಾರ-ಭಾನುವಾರ. ಲಂಡನ್ನಿನ ಚಾರಿಂಗ್ ಕ್ರಾಸ್ ಸ್ಟೇಷನ್ನಿನಿಂದ ಸುಮಾರು ಒಂದೂವರೆ ತಾಸಿನ ರೈಲು. ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡು ಮಾಡಿಸಿಕೊಂಡರೆ ದೊಡ್ಡವರಿಗೆ ಮೂರನೇ ಒಂದು ಭಾಗ, ಮಾಣಿಗೆ 60 ಶೇಕಡ ಕಡಿಮೆ. 5ರಿಂದ 15ರೊಳಗಿನ ಒಂದು ಮಗುವಾದರೂ ಜೊತೆಗಿರಬೇಕು. ಕೂಸಿಗೆ ಟಿಕೆಟ್ಟೇ ಬೇಡ. ಭಾನುವಾರ ಹಳಿ ರಿಪೇರಿ ಎಂದು ರೈಲಿನ ಬದಲು ಬಸ್ ಬಿಡುವುದು ಇಲ್ಲಿ ಮಾಮೂಲು. ಹಿಂದಿನ ರಾತ್ರಿ ಒಮ್ಮೆ ನೋಡಿಕೋ.

ನೆಲ ಇಳಿಜಾರು, ಹುಲ್ಲು. ಬೆಳಿಗ್ಗೆ ಹಸಿರಾಗಿದ್ದದ್ದು ಸಾವಿರ ಕಾಲು ತುಳಿದು ಮಧ್ಯಾಹ್ನಕ್ಕೆ ಕೆಸರು. ಎಲ್ಲರಿಗೂ ಗಮ್‌ಬೂಟು, ಒಂದೊಂದು ಜೊತೆ ಹೆಚ್ಚಿನ ಕಾಲುಚೀಲ. ಚಿಕ್ಕ ಚಕ್ರದ ತಳ್ಳುಗಾಡಿ ಹೂತುಹೋಗುತ್ತದೆ. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವುದೇ ಸುಲಭ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣದು, ರೇನ್‌ಕೋಟೇ ಸೈ. ಕೂರಲು ತಾಡಪತ್ರಿಯ ತುಂಡು, ಆಯಿಗೆ ಮಡಚುವ ಕುರ್ಚಿ.

ಕಾಳಗ ಒಂದು ತಾಸೂ ಇರುವುದಿಲ್ಲ (ನಿಜವಾದದ್ದು ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ನಡೆದಿತ್ತು). ಹಗ್ಗದ ಪಕ್ಕ ಜಾಗ ಬೇಕಾದರೆ ಮುಕ್ಕಾಲು ತಾಸು ಮೊದಲೇ ತಾಡಪತ್ರಿ ಹಾಸು. ಮಾಣಿಗೆ ಒಂದೇ ಒಂದು ಹೇಳಿಕೊಡು: ಗುರಾಣಿಗೆ ಗುರಾಣಿ ಒತ್ತಿ ಗುಡ್ಡದ ಮೇಲೆ ಗೋಡೆಯಾಗಿ ನಿಂತವರು ಇಂಗ್ಲೆಂಡಿನ ರಾಜ ಹೆರಾಲ್ಡ್‌ನ ಸ್ಯಾಕ್ಸನ್ನರು, ಕುದುರೆಯವರು ನಾರ್ಮನ್ನರು. ನಾರ್ಮನ್ನರು ಸೋತವರಂತೆ ಓಡುತ್ತಾರೆ, ಸ್ಯಾಕ್ಸನ್ನರು ಅಟ್ಟಿಸಿಕೊಂಡು ಇಳಿಯುತ್ತಾರೆ, ಗೋಡೆ ಒಡೆಯುತ್ತದೆ. ಇಷ್ಟು ಗೊತ್ತಿಲ್ಲದಿದ್ದರೆ ಕಾಣುವುದು ಬರೀ ನೂಕಾಟ. ಕತ್ತಿ ಉಕ್ಕಿನದೇ, ಅಂಚು ಮೊಂಡು. ಸತ್ತವರೆಲ್ಲ ಕೊನೆಗೆ ಎದ್ದು ಬರುತ್ತಾರೆ, ಬಯಲಾಟದ ರಾಕ್ಷಸ ಚೌಕಿಗೆ ಹೋಗಿ ಚಾ ಕುಡಿಯುವ ಹಾಗೆ. ಇದನ್ನು ಮೊದಲೇ ಹೇಳಿದರೆ ಮಾಣಿ ಹೆದರುವುದಿಲ್ಲ. ಕೂಸು ಗಲಾಟೆಗೆ ಅತ್ತೀತು, ಕಿವಿಮುಚ್ಚುಗ ಒಯ್ಯಿ.

ನನ್ನ ಕೇಳಿದರೆ ಕಾಳಗಕ್ಕಿಂತ ಆ ಕಾಲದ ವೇಷ ಹಾಕಿದವರ ಡೇರೆಗಳೇ ಚಂದ. ಬೆಳಿಗ್ಗೆ ಅಲ್ಲಿಗೇ ಮೊದಲು ಹೋಗು, ಆಗ ಮಾತಾಡಲು ಅವರಿಗೂ ಪುರಸೊತ್ತು. ಕಬ್ಬಿಣದ ಬಳೆ ಹೆಣೆದ ಕವಚ 10–15 ಕೆ.ಜಿ. ತೂಗುತ್ತದೆ, ಕೇಳಿದರೆ ಎತ್ತಿ ನೋಡಲು ಕೊಡುತ್ತಾರೆ, ಕೇಳದೆ ಮುಟ್ಟಬಾರದು. ಉಣ್ಣೆಗೆ ಕೆಂಪು ಬಣ್ಣ ಕೊಡುವ ಬೇರು ನಮ್ಮ ಮಂಜಿಷ್ಠದ ದಾಯಾದಿ, ಆಯಿ ಅಲ್ಲಿಂದ ಏಳುವುದು ಕಷ್ಟ. ಅವರ ಅಡುಗೆಯಲ್ಲಿ ಬಟಾಟೆ, ಟೊಮೇಟೊ, ಮೆಣಸಿನಕಾಯಿ ಹುಡುಕಬೇಡ. ಅವೆಲ್ಲ ಅಮೆರಿಕದಿಂದ ಆಮೇಲೆ ಬಂದವು, ನಮ್ಮ ಕಡೆಗೂ.

ಊಟ ಮನೆಯಿಂದಲೇ ಒಯ್ಯಿ. ಇಂಥ ಮೇಳಗಳಲ್ಲಿ ಇಡೀ ಹಂದಿ ಸುಡುವ ಅಂಗಡಿ ಸಾಮಾನ್ಯ, ಆಯಿಯನ್ನು ಆ ಗಾಳಿಗೆ ಕೂರಿಸಬೇಡ. ಚಿಪ್ಸ್ ಕೊಳ್ಳುವ ಮೊದಲು ಎಣ್ಣೆ ಯಾವುದು ಎಂದು ಕೇಳು, ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ; ಅದೇ ಬಾಣಲೆಯಲ್ಲಿ ಮೀನೂ ಬಿದ್ದಿರಬಹುದು. ಅನ್ನ ಆ ಚಳಿಗೆ ಕಲ್ಲಾಗುತ್ತದೆ. ಅಗಲ ಬಾಯಿಯ ಥರ್ಮಾಸಿಗೆ ಐದು ನಿಮಿಷ ಕುದಿನೀರು ತುಂಬಿಟ್ಟು ಚೆಲ್ಲಿ, ಆಮೇಲೆ ಬಿಸಿ ಸಾರನ್ನ ಹಾಕು. ಮಧ್ಯಾಹ್ನದವರೆಗೂ ಬಿಸಿ ಇರುತ್ತದೆ.

ಮಾಣಿ ಮರದ ಕತ್ತಿ ಬೇಕೇಬೇಕು ಎನ್ನುತ್ತಾನೆ. ಹೊರಡುವಾಗ ಕೊಡಿಸು, ಮೊದಲೇ ಕೊಡಿಸಿದರೆ ದಿನವಿಡೀ ಕಂಡವರ ಮೊಣಕಾಲಿಗೆ ಏಟು. ಊರಿಗೆ ಒಯ್ಯುವುದಾದರೆ ಚೆಕ್-ಇನ್ ಬ್ಯಾಗಿಗೇ ಹಾಕು. ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯವರು ಕಿತ್ತುಕೊಳ್ಳುತ್ತಾರೆ.